ಗಿಳಿಯನ್ನು ಹಿಡಿದದ್ದು ಗಿಡುಗವೋ, ಬೆಕ್ಕೋ?

ಪ್ರಶ್ನೆ: ಪಾರ್ಕಿನ ಮರದಡಿ ಹಸಿರು ಗರಿಗಳ ರಾಶಿ ಬಿದ್ದಿತ್ತು. ಮೇಲೆ ಸದಾ ಸುತ್ತುವ ಹದ್ದುಗಳೇ ಗಿಳಿಯನ್ನು ಕೊಂದವೇ?

ಉತ್ತರ: ಮೊದಲು ಗರಿಗಳ ಬುಡ ನೋಡಿ. ಬೇಟೆಹಕ್ಕಿ ಕೊಕ್ಕಿನಿಂದ ಗರಿ ಕೀಳುತ್ತದೆ. ಹಾಗಾಗಿ ದಂಟು ಬುಡದವರೆಗೆ ಇಡಿಯಾಗಿರುತ್ತದೆ, ಕೆಲವೊಮ್ಮೆ ಕೊಕ್ಕು ಒತ್ತಿದ ಗುರುತೂ ಕಾಣುತ್ತದೆ. ಬೆಕ್ಕು, ನಾಯಿ ಜಗಿದಿದ್ದರೆ ದಂಟು ತುಂಡಾಗಿ, ಗರಿಗಳು ಎಂಜಲಿನಿಂದ ಗೊಂಚಲಾಗಿ ಅಂಟಿರುತ್ತವೆ. ಬೇಟೆಹಕ್ಕಿ ಬಿಟ್ಟದ್ದನ್ನು ಬೆಕ್ಕು ಎಳೆದಾಡಿದರೆ ಎರಡು ಗುರುತೂ ಬೆರೆಯುತ್ತವೆ. ಆದ್ದರಿಂದ ರಾಶಿ ಹೊಸದಿದ್ದಾಗಲೇ ಪರೀಕ್ಷಿಸಬೇಕು. ನಾಲ್ಕೈದು ಗರಿ ಮಾತ್ರ ಚದುರಿದ್ದರೆ ಅದು ಬೇಟೆಯೇ ಅಲ್ಲದಿರಬಹುದು, ಗಿಳಿ ಹಳೆಯ ಗರಿ ಉದುರಿಸಿದ್ದಿರಬಹುದು.

ಹದ್ದಿನ ಮೇಲೆ ಅನುಮಾನ ಕಡಿಮೆ ಇರಲಿ. ಅದು ಹೆಚ್ಚಾಗಿ ಸತ್ತ ಪ್ರಾಣಿ, ತ್ಯಾಜ್ಯಗಳನ್ನೇ ತಿನ್ನುತ್ತದೆ. ವೇಗವಾಗಿ ಹಾರುವ ಆರೋಗ್ಯವಂತ ಗಿಳಿ ಅದಕ್ಕೆ ಸುಲಭದ ತುತ್ತಲ್ಲ. ಎಲೆಮರೆಯಿಂದ ನುಗ್ಗುವ ಗಿಡುಗ, ಎತ್ತರದ ಕಟ್ಟಡದಿಂದ ಎರಗುವ ಪೆರಿಗ್ರಿನ್ ಫಾಲ್ಕನ್ ಕಡೆಗೆ ಗಮನ ಕೊಡಿ.

ಪ್ರಶ್ನೆ: ಅವನ್ನು ಕಾಣುವುದು ಹೇಗೆ?

ಉತ್ತರ: ಗಿಳಿಗಳನ್ನೇ ಕೇಳಿಸಿಕೊಳ್ಳಿ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ, ಅವು ರಾತ್ರಿ ತಂಗುವ ಮರದಿಂದ ದೂರ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಗದ್ದಲ ಥಟ್ಟನೆ ನಿಂತರೆ, ಅಥವಾ ಇಡೀ ಹಿಂಡು ಒಮ್ಮೆಗೇ ಎದ್ದರೆ ಕೂಡಲೇ ಆಕಾಶ ನೋಡಿ. 8 ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಅದಕ್ಕಿಂತ ಹೆಚ್ಚಿನದರಲ್ಲಿ ಹಾರುವ ಹಕ್ಕಿ ನೋಟದಿಂದ ಬೇಗ ತಪ್ಪಿಹೋಗುತ್ತದೆ. ದಯವಿಟ್ಟು ಚಪ್ಪಾಳೆ ತಟ್ಟಿ ಗಿಡುಗವನ್ನು ಓಡಿಸಬೇಡಿ, ಅದರ ಮರಿಗಳೂ ಹಸಿದಿರುತ್ತವೆ.