ಹಳೇ ಫ್ರೆಂಚ್ ಕುರ್ಚಿಯ ಮೆತ್ತೆ ಕಿತ್ತು ಫೋಮ್ ಹಾಕಬಹುದಾ?

ದಯವಿಟ್ಟು ಇನ್ನೂ ಏನನ್ನೂ ಕೀಳಬೇಡಿ. ನೀವು ಬರೆದದ್ದು ಓದಿದೆ: ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ ಎರಡು ಕುರ್ಚಿ, ಫ್ರಾನ್ಸಿನ ರಾಜ 15ನೇ ಲೂಯಿಯ ಕಾಲದ ಶೈಲಿಯದೋ 16ನೇ ಲೂಯಿಯದೋ ಎಂಬ ಗೊಂದಲ, ಫೋಮ್ ತುಂಬಿ ಚೆಂದದ ಬಟ್ಟೆ ಹೊದಿಸುವ ಆಸೆ. ಫ್ರಾನ್ಸಿನ ಲಿಯೋನ್‌ ಊರಿಗೆ ಬಂದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ.

ನನ್ನದು ಬಾಗಿದ ಕಾಲುಗಳ ಕೈಕುರ್ಚಿ. ಎಲ್ಲೂ ನೇರ ಗೆರೆ ಇಲ್ಲ, ಬೆನ್ನಿನ ಮೇಲೆ ಕೆತ್ತಿದ ಪುಟ್ಟ ಹೂ. ಅದು 15ನೇ ಲೂಯಿ ಶೈಲಿ. ಕಾಲು ನೇರವಾಗಿದ್ದು ಕೆಳಕ್ಕೆ ಸಣ್ಣಗಾಗುತ್ತಾ ಹೋಗಿ, ಉದ್ದಕ್ಕೂ ಗೀರುಗಳಿದ್ದು, ಕಾಲು ಸೀಟಿನ ಚೌಕಟ್ಟಿಗೆ ಸೇರುವಲ್ಲಿ ಚೌಕದೊಳಗೊಂದು ಹೂ ಇದ್ದರೆ 16ನೇ ಲೂಯಿ. ಅದರಲ್ಲಿ ಮೊಟ್ಟೆಯಾಕಾರದ ಬೆನ್ನೂ ಇರಬಹುದು. ಆದರೆ ಯಾವ ರಾಜ ಅಂತ ತಿಳಿದರೆ ಕುರ್ಚಿಯ ವಯಸ್ಸು ತಿಳಿದಂತಾಗುವುದಿಲ್ಲ. 15ನೇ ಲೂಯಿ ಸತ್ತಿದ್ದು 1774ರಲ್ಲಿ. ಅವನ ಕಾಲದ ನಮೂನೆಯ ಕುರ್ಚಿಗಳನ್ನು 19ನೇ ಶತಮಾನದಲ್ಲಿ ರಾಶಿ ರಾಶಿ ಮಾಡಿದರು, ಆಮೇಲೂ ಮಾಡಿದರು. ಸಂತೆಯಲ್ಲಿ ಸಿಗುವುದು ಹೆಚ್ಚಾಗಿ ಅಂಥವೇ.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕೂತು ಬಟ್ಟೆ ಹರಿದೆ. ಒಳಗೆ ಕಪ್ಪು ಕೂದಲು, ಧೂಳು, ವಾಸನೆ. ಅದರ ಕೆಳಗೆ ಒರಟು ಬಟ್ಟೆಯಲ್ಲಿ ಬಿಗಿದ ಗಟ್ಟಿ ಮೆತ್ತೆ, ಅಂಚಿನ ಸುತ್ತ ದಪ್ಪ ದಾರದ ಹೊಲಿಗೆ. ಅಸಹ್ಯವಾಗಿ ಎಲ್ಲವನ್ನೂ ಕಸದ ಚೀಲಕ್ಕೆ ತುಂಬಿ ಎಸೆದೆ.

ಎಸೆದದ್ದು ಕುದುರೆ ಕೂದಲು. ಅದನ್ನು ಹಗ್ಗದ ಹಾಗೆ ಹೊಸೆದು, ಬಿಸಿ ಕೊಟ್ಟು ಸುರುಳಿ ಹಿಡಿಸಿರುತ್ತಾರೆ. ಅದಕ್ಕೇ ಅದು ಪುಟಿಯುತ್ತದೆ. ಅಪ್ಪಚ್ಚಿಯಾದರೆ ತೊಳೆದು, ಒಣಗಿಸಿ, ಹಿಂಜಿ ಮತ್ತೆ ತುಂಬಬಹುದು. ನಮ್ಮ ಕಡೆ ಹಳೇ ಹಾಸಿಗೆ ಬಿಚ್ಚಿ ಹತ್ತಿ ಹಿಂಜಿಸುತ್ತಿದ್ದರಲ್ವಾ, ಥೇಟ್ ಹಾಗೆ. ನೂರು ವರ್ಷದ ಕೂದಲೂ ಕೆಲಸಕ್ಕೆ ಬರುತ್ತದೆ. ಇನ್ನು ಆ ಅಂಚಿನ ಹೊಲಿಗೆ. ಉದ್ದನೆಯ ಸೂಜಿಯಿಂದ ಒಳಗಿನ ತುಂಬನ್ನು ಅಂಚಿಗೆ ಎಳೆದೆಳೆದು ಬಿಗಿದಿರುತ್ತಾರೆ. ಚೌಕಟ್ಟಿನ ಬಾಗಿಗೆ ಸರಿಯಾಗಿ ಸೀಟು ನಿಲ್ಲುವುದು ಅದರಿಂದಲೇ. ನನ್ನ ಫೋಮಿಗೆ ಅಂಚೇ ಇರಲಿಲ್ಲ. ಮುಂಭಾಗ ದುಂಡಗೆ ಜಾರಿತು, ನಡು ಉಬ್ಬಿತು, ಕೂತರೆ ಕೈ ಇಡುವ ಜಾಗ ತೀರಾ ಕೆಳಗಾಯಿತು. ಕೊನೆಗೆ ಟಪಿಸಿಯೇ, ಅಂದರೆ ಮೆತ್ತೆ ಕಟ್ಟುವವರ ಹತ್ತಿರ ಹೋದೆ. ಹೊಸ ಕೂದಲು, ಅಂಚು ಹೊಲಿಯುವ ಕೂಲಿ ಸೇರಿ ಕುರ್ಚಿಯ ಬೆಲೆಯ ಎಷ್ಟೋ ಪಟ್ಟು ಬಿಲ್ ಆಯಿತು. ಕೆಳಗಿನ ಗಟ್ಟಿ ಮೆತ್ತೆ ಇದ್ದಿದ್ದರೆ ಮೇಲಿನ ಪದರ ಸರಿಮಾಡಿ ಬಟ್ಟೆ ಹೊದಿಸಿದ್ದರೆ ಸಾಕಿತ್ತು.

ಹಾಗಾಗಿ ಬಟ್ಟೆಯ ವಿಷಯಕ್ಕೆ ಸುಮ್ನೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಕುರ್ಚಿಯನ್ನು ಬೋರಲು ಹಾಕಿ. ಸೆಣಬಿನ ಪಟ್ಟಿಗಳನ್ನು ಚೌಕಟ್ಟಿನ ತಳಕ್ಕೆ ಹೊಡೆದಿದ್ದಾರಾ? ಹಾಗಿದ್ದರೆ ಒಳಗೆ ಸ್ಪ್ರಿಂಗ್ ಇರುತ್ತದೆ. ಅದು 19ನೇ ಶತಮಾನದ ಪದ್ಧತಿ. ಅದಕ್ಕೂ ಮುಂಚೆ ಸ್ಪ್ರಿಂಗ್ ಇಲ್ಲ, ಪಟ್ಟಿಯನ್ನು ಚೌಕಟ್ಟಿನ ಮೇಲ್ಭಾಗಕ್ಕೆ ಹೊಡೆಯುತ್ತಿದ್ದರು. ಹಳೇ ಚೌಕಟ್ಟಿಗೆ ಆಮೇಲೆ ಸ್ಪ್ರಿಂಗ್ ಹಾಕಿಸಿದ್ದೂ ಉಂಟು. ಮುಂದೆ ಬಟ್ಟೆ ಬಿಚ್ಚಿದಾಗ ಮೇಲ್ಭಾಗದಲ್ಲಿ ಹಳೇ ಮೊಳೆತೂತು ಇವೆಯಾ ಅಂತ ನೋಡಿ, ಇದ್ದರೆ ಸ್ಪ್ರಿಂಗ್ ಆಮೇಲೆ ಹಾಕಿಸಿದ್ದಿರಬಹುದು. ಚೌಕಟ್ಟಿನ ಮೇಲೆ ಜೆಎಂಇ (JME) ಎಂಬ ಮುದ್ರೆ ಕಂಡರೆ ಅದು ಪ್ಯಾರಿಸ್ ಮರಗೆಲಸದವರ ಸಂಘದ್ದು. 1791ರಲ್ಲಿ ಅಂಥ ಸಂಘಗಳನ್ನೆಲ್ಲ ರದ್ದು ಮಾಡಿದರು, ಹಾಗಾಗಿ ಮುದ್ರೆ ಅಸಲಿಯಾದರೆ ಕುರ್ಚಿ ಅದಕ್ಕಿಂತ ಹಳೇದು. ಜಾಸ್ತಿ ಕುಣಿಯಬೇಡಿ, ನಕಲಿ ಮುದ್ರೆಗಳೂ ಇವೆ.

ಫೋಮ್ ಬೇಕೇ ಬೇಕಿದ್ದರೆ 1960ರ ದಶಕದ ಕುರ್ಚಿ ಕೊಳ್ಳಿ, ಅದಕ್ಕೆ ಫೋಮೇ ಸರಿ. ನಿಮ್ಮ ಈ ಎರಡು ಕುರ್ಚಿಗಳ ಹಳೇ ಬಟ್ಟೆ ಬಿಚ್ಚಲೇಬೇಕಾದರೆ ಪ್ರತಿ ಪದರದ ಫೋಟೊ ತೆಗೆದುಕೊಂಡು ಬಿಚ್ಚಿ. ಉಳಿಯಂಥ ಉಪಕರಣ ಮತ್ತು ಮರದ ಸುತ್ತಿಗೆಯಿಂದ ಮೊಳೆಗಳನ್ನು ಮರದ ಎಳೆಯ ದಿಕ್ಕಿಗೇ ಎಬ್ಬಿಸಿ, ಅಡ್ಡ ಹೊಡೆದರೆ ಚಕ್ಕೆ ಏಳುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಮೂಗಿನಿಂದ ಬೇಗ ಹೋಗುವುದಿಲ್ಲ.