ಗಾಳದ ರಾಡ್: ಸೂಕ್ಷ್ಮ ಇರಬೇಕೋ, ಬಲ ಇರಬೇಕೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾರ್ಕೋನಹಳ್ಳಿ ಜಲಾಶಯದ ದಡದಲ್ಲಿ ಗೆಂಡೆ, ರೋಹು ಹಿಡಿಯುತ್ತೇನೆ. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಯೇ ಮೇವು. ಕೆಲವು ಸಲ ಬೆಂಡು ಕಟ್ಟುತ್ತೇನೆ, ಕೆಲವು ಸಲ ಸೀಸ ಹಾಕಿ ತಳಕ್ಕೆ ಬಿಡುತ್ತೇನೆ. ಅಂಗಡಿಯವರು 40 ಟನ್ ಕಾರ್ಬನ್ ರಾಡ್ ತೋರಿಸಿ, ಮೀನು ಮೂತಿ ತಾಗಿಸಿದರೂ ಕೈಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಬೆಲೆ ನನ್ನ ಹಳೇ ರಾಡ್‌ನ ಮೂರರಷ್ಟು. ತೆಗೆದುಕೊಳ್ಳಲೇ?
— ಓದುಗರು, ಕುಣಿಗಲ್

ಉತ್ತರ: ಬೇಡ. ನೀವು ಮೀನು ಹಿಡಿಯುವ ರೀತಿಗೆ ಆ ದುಡ್ಡು ಕೆಲಸಕ್ಕೆ ಬರುವುದಿಲ್ಲ.

ಮೀನು ಮೇವು ಮುಟ್ಟಿದ ಸುದ್ದಿ ಕೊಕ್ಕೆಯಿಂದ ದಾರಕ್ಕೆ, ದಾರದಿಂದ ರಾಡ್ ತುದಿಗೆ, ಅಲ್ಲಿಂದ ಬುಡದ ಹಿಡಿಗೆ ಬರಬೇಕು. ಈ ದಾರಿಯಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲೇ ಸುದ್ದಿ ನಿಂತುಹೋಗುತ್ತದೆ. ನೀವು ಬಳಸುವ ತಂಗೂಸಿ, ಅಂದರೆ ನೈಲಾನ್ ದಾರ, ಎಳೆದರೆ ಹಿಗ್ಗುತ್ತದೆ. ಕಿತ್ತುಬರುವಷ್ಟು ಎಳೆದಾಗ ಉದ್ದದ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಹಿಗ್ಗುವುದುಂಟು. ನಲವತ್ತು ಮೀಟರ್ ದೂರ ಎಸೆದಿದ್ದೀರಿ, ಮಧ್ಯಾಹ್ನದ ಗಾಳಿಗೆ ದಾರ ನೀರ ಮೇಲೆ ಬಿಲ್ಲಿನಂತೆ ಬಾಗಿದೆ ಎಂದರೆ 40 ಟನ್ ಆಗಲಿ 24 ಟನ್ ಆಗಲಿ ಕೈಗೆ ಬರುವ ಸುದ್ದಿ ಒಂದೇ. ಬೆಂಡು ಕಟ್ಟಿದಾಗಲಂತೂ ನೋಡುವ ಕೆಲಸ ಕಣ್ಣಿನದು. ತಳಕ್ಕೆ ಬಿಟ್ಟು ರಾಡನ್ನು ಕವೆಗೋಲಿನ ಮೇಲೆ ಒರಗಿಸಿದರೆ ರಾಡ್ ನಿಮ್ಮ ಕೈಯಲ್ಲೇ ಇರುವುದಿಲ್ಲ. ತುದಿಗೆ ಸಿಕ್ಕಿಸಿದ ಸಣ್ಣ ಗಂಟೆ ಆ ಕೆಲಸ ಮಾಡುತ್ತದೆ. ಸೂಕ್ಷ್ಮವಾದ ರಾಡ್‌ಗೆ ಕೊಟ್ಟ ಬೆಲೆ ವಸೂಲಾಗುವುದು ರಾಡನ್ನು ಸದಾ ಕೈಯಲ್ಲಿ ಹಿಡಿದು, ಹಿಗ್ಗದ ಹೆಣಿಗೆ ದಾರದಲ್ಲಿ ಲ್ಯೂರನ್ನು (ಕೃತಕ ಮೇವನ್ನು) ತಳಕ್ಕೆ ತಾಗಿಸಿ ಎಳೆಯುವವರಿಗೆ.

40 ಟನ್ ಅನ್ನುವುದು ರಾಡ್ ಎತ್ತುವ ಭಾರ ಅಲ್ಲ, ಕಾರ್ಬನ್ ಎಳೆ ಎಷ್ಟು ಬಿಗಿ ಎಂಬುದರ ಅಳತೆ. ಎಳೆ ಬಿಗಿಯಾದಷ್ಟೂ ಕಡಿಮೆ ಸಾಮಾನಿನಲ್ಲಿ ಅಷ್ಟೇ ಗಡುಸಾದ ರಾಡ್ ಮಾಡಬಹುದು. ಹಾಗಾಗಿ ರಾಡ್ ಹಗುರ, ಸಣ್ಣ ಕಂಪನವೂ ಕೈ ಸೇರುತ್ತದೆ. ಆದರೆ ಕೊಳವೆಯ ಗೋಡೆ ತೆಳು. ದಡದ ಕಲ್ಲಿಗೆ ಒಮ್ಮೆ ಬಡಿದರೆ ಹೊರಗೆ ಗೀರು ಮಾತ್ರ ಕಂಡು, ಒಳಗೆ ಎಳೆ ಮುರಿದಿರುತ್ತದೆ. ಮುಂದೆ ಯಾವತ್ತೋ ಒಳ್ಳೆಯ ಮೀನು ಎಳೆದ ದಿನ ಅಲ್ಲಿಗೇ ತುಂಡಾಗುತ್ತದೆ. ಗ್ಲಾಸ್ ಫೈಬರ್ ಮತ್ತು ಕಾರ್ಬನ್ ಬೆರೆಸಿದ ರಾಡ್ ತುಸು ಭಾರ, ಆದರೆ ಇಂಥ ಪೆಟ್ಟು ತಾಳಿಕೊಳ್ಳುತ್ತದೆ. ನಿಮಗೆ ಅದೇ ಸರಿ.

ಈಗ ಬಲದ ಲೆಕ್ಕ. ರಾಡ್‌ನ ಬುಡದ ಹತ್ತಿರ ಎರಡು ಅಂಕಿ ಬರೆದಿರುತ್ತಾರೆ: ಎಷ್ಟು ಗ್ರಾಂ ಎಸೆಯಬಹುದು, ಎಷ್ಟು ಪೌಂಡ್ ದಾರ ಹಾಕಬಹುದು. ನಮ್ಮ ಕಡೆ ಬಹುತೇಕರು ಸೀಸದ ತೂಕ ಮಾತ್ರ ನೋಡಿ ಉಂಡೆಯನ್ನು ಮರೆಯುತ್ತಾರೆ. ಕಲಸಿದ ಹಿಟ್ಟನ್ನು ಒಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿ. ಗೋಲಿ ಗಾತ್ರದ ಉಂಡೆ 2–3 ಗ್ರಾಂ. ನೆಲ್ಲಿಕಾಯಿ ಗಾತ್ರದ್ದು 15 ಗ್ರಾಂ ಆಸುಪಾಸು. ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿದರೆ 35 ಗ್ರಾಂ ದಾಟುತ್ತದೆ. ಅದರ ಜೊತೆ 20 ಗ್ರಾಂ ಸೀಸ ಸೇರಿದರೆ 55 ಗ್ರಾಂ ಆಯಿತು. 7–28 ಗ್ರಾಂ ಎಂದು ಬರೆದ ರಾಡ್‌ನಲ್ಲಿ ಅದನ್ನು ಬೀಸಿ ಎಸೆದರೆ ತುದಿ ಉಳಿಯುವುದು ಅನುಮಾನ; ಉಳಿದರೂ ಉಂಡೆ ಗಾಳಿಯಲ್ಲೇ ಒಡೆದು ಬೀಳುತ್ತದೆ.

ನಮ್ಮ ಸಲಹೆ: ಎಂಟರಿಂದ ಒಂಬತ್ತು ಅಡಿ ಉದ್ದ, ಮೀಡಿಯಂ ಪವರ್, ನಡುವಿನವರೆಗೂ ಬಾಗುವ ಮಾಡರೇಟ್ ಆಕ್ಷನ್, ಎಸೆತದ ತೂಕ 15ರಿಂದ 40 ಗ್ರಾಂ. 12 ಪೌಂಡ್ ತಂಗೂಸಿ, 4000 ಅಳತೆಯ ರೀಲ್. ಉಂಡೆ ನೆಲ್ಲಿಕಾಯಿಗಿಂತ ದೊಡ್ಡದು ಬೇಡ. ಗೆಂಡೆಯ ತುಟಿ ಮೆತ್ತಗೆ. ಗಡುಸಾದ ರಾಡ್‌ನಲ್ಲಿ ಜಗ್ಗಿದರೆ ತುಟಿ ಹರಿದು ಕೊಕ್ಕೆ ವಾಪಸ್ ಬರುತ್ತದೆ. ಬಳುಕುವ ರಾಡ್ ಮೀನಿನ ಪ್ರತಿ ಜಗ್ಗಾಟವನ್ನೂ ತಾನು ನುಂಗಿಕೊಳ್ಳುತ್ತದೆ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿಯನ್ನು ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿ. 12 ಪೌಂಡ್ ಎಂದರೆ ಸುಮಾರು 5.4 ಕಿಲೊ, ಅದರ ಕಾಲು ಭಾಗ 1.35 ಕಿಲೊ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ ಎಳೆದು, ಆ ಅಂಕಿ ಬಂದಾಗ ರೀಲ್ ದಾರ ಬಿಡುವಂತೆ ತಿರುಗಿಸಿದರೆ ಆಯಿತು. ಕೈಯಲ್ಲಿ ಎಳೆದು ಅಂದಾಜು ಮಾಡುವವರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಬಿಗಿ ಮಾಡಿರುತ್ತಾರೆ.

ಪ್ರಶ್ನೆ: ಪವರ್, ಆಕ್ಷನ್ ಎರಡೂ ಒಂದೇ ಅಲ್ಲವೇ? ಅಂಗಡಿಯಲ್ಲಿ ತುದಿ ಹಿಡಿದು ಬಗ್ಗಿಸಿ ನೋಡಿದರೆ ಎಲ್ಲ ರಾಡ್‌ಗಳೂ ಒಂದೇ ಥರ ಕಾಣುತ್ತವೆ.
— ಓದುಗರು, ಚಿಂತಾಮಣಿ

ಉತ್ತರ: ಎರಡೂ ಬೇರೆ. ಬಗ್ಗಿಸಲು ಎಷ್ಟು ಭಾರ ಬೇಕು ಎಂಬುದು ಪವರ್. ಬಗ್ಗುವಾಗ ಎಲ್ಲಿಂದ ಬಗ್ಗುತ್ತದೆ ಎಂಬುದು ಆಕ್ಷನ್. ತುದಿಯ ಕಾಲು ಭಾಗ ಮಾತ್ರ ಬಾಗಿದರೆ ಫಾಸ್ಟ್, ಅರ್ಧದವರೆಗೆ ಬಂದರೆ ಮಾಡರೇಟ್, ಹಿಡಿಯವರೆಗೂ ಬಂದರೆ ಸ್ಲೋ. ಒಂದೇ ಮೀಡಿಯಂ ಪವರ್‌ನಲ್ಲಿ ಫಾಸ್ಟೂ ಸಿಗುತ್ತದೆ, ಸ್ಲೋನೂ ಸಿಗುತ್ತದೆ. ಮೀಡಿಯಂ, ಮೀಡಿಯಂ ಹೆವಿ ಎಂಬ ಹೆಸರಿಗೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ಅಳತೆ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ ಆಗಿರಬಹುದು. ಅದಕ್ಕೇ ಹೆಸರಿಗಿಂತ ಗ್ರಾಂ ಮತ್ತು ಪೌಂಡ್ ಅಂಕಿಯನ್ನು ನಂಬಿ.

ತುದಿಯನ್ನು ಕೈಯಲ್ಲಿ ಹಿಡಿದು ಬಗ್ಗಿಸುವುದನ್ನು ದಯವಿಟ್ಟು ಬಿಡಿ. ರಾಡ್ ಕೆಲಸ ಮಾಡುವಾಗ ಭಾರ ಎಲ್ಲ ರಿಂಗ್‌ಗಳ ಮೂಲಕ ಹಂಚಿಹೋಗುತ್ತದೆ. ಕೈಯಲ್ಲಿ ಹಿಡಿದಾಗ ಅದೆಲ್ಲ ಪೆನ್ಸಿಲ್‌ಗಿಂತ ತೆಳುವಾದ ಒಂದು ಗೇಣು ತುದಿಯ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಮುರಿಯುವ ರಾಡ್‌ಗಳು ಮುರಿಯುವುದು ಹೀಗೇ.

ಸರಿಯಾಗಿ ನೋಡಬೇಕಾದರೆ ನಿಮ್ಮ ರೀಲನ್ನು ಜೊತೆಗೆ ಒಯ್ಯಿರಿ. ರೀಲ್ ಕೂರಿಸಿ, ದಾರವನ್ನು ಎಲ್ಲ ರಿಂಗ್‌ಗಳಲ್ಲೂ ತೂರಿಸಿ, ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ. ತುಂಬಿದ ಬಾಟಲಿ ಅರ್ಧ ಕಿಲೊ. ರಾಡನ್ನು ನೆಲಕ್ಕೆ ಅಡ್ಡಲಾಗಿ ಹಿಡಿದು ನಿಧಾನಕ್ಕೆ ಮೇಲೆತ್ತಿ. ಎಲ್ಲಿಂದ ಬಾಗುತ್ತಿದೆ ಎಂದು ಪಕ್ಕದಲ್ಲಿ ನಿಂತವರು ನೋಡಲಿ. ದಾರ ಎಲ್ಲಾದರೂ ರಾಡ್‌ನ ಮೈಗೆ ತಾಗುತ್ತಿದ್ದರೆ ರಿಂಗ್ ಕಡಿಮೆ ಹಾಕಿದ್ದಾರೆ ಎಂದರ್ಥ. ತುದಿಯ ರಿಂಗ್ ಬಿಟ್ಟು, ರಾಡ್ ಎಷ್ಟು ಅಡಿಯೋ ಸುಮಾರು ಅಷ್ಟು ರಿಂಗ್ ಇರಬೇಕು. ಒಂದು ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

ಸೂಕ್ಷ್ಮ ತಿಳಿಯಲು ಬಾಟಲಿ ಬಿಚ್ಚಿ, ದಾರದ ತುದಿಯನ್ನು ಸ್ನೇಹಿತರ ಕೈಗೆ ಕೊಟ್ಟು ನಾಲ್ಕು ಮಾರು ದೂರ ನಿಲ್ಲಿಸಿ. ದಾರ ಬಿಗಿಯಾಗಿರಲಿ. ನೀವು ಕಣ್ಣು ಮುಚ್ಚಿಕೊಳ್ಳಿ, ಅವರು ಉಗುರಿನಿಂದ ದಾರವನ್ನು ಕೆರೆಯಲಿ. ಕೆರೆದದ್ದು ತೋರುಬೆರಳಿಗೆ ತಿಳಿಯಬೇಕು. ಎರಡು ರಾಡ್‌ಗಳನ್ನು ಒಂದೇ ರೀಲ್, ಒಂದೇ ದಾರದಲ್ಲಿ ಹೀಗೆ ನೋಡಿದರೆ ವ್ಯತ್ಯಾಸ ಇದ್ದರೆ ತಾನಾಗಿ ಗೊತ್ತಾಗುತ್ತದೆ, ಇಲ್ಲದಿದ್ದರೆ ದುಡ್ಡು ಉಳಿಯುತ್ತದೆ. ತೂಕದ ಸಮತೋಲವನ್ನೂ ನೋಡಿ: ರೀಲ್ ಕೂರಿಸಿದ ರಾಡನ್ನು ರೀಲ್‌ನ ಸ್ವಲ್ಪ ಮುಂದೆ ಒಂದು ಬೆರಳ ಮೇಲೆ ಇಟ್ಟರೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ನಿಲ್ಲಬೇಕು. ತುದಿ ಕೆಳಗೆ ಜೋತುಬಿದ್ದರೆ ಅದನ್ನು ಎತ್ತಿ ಹಿಡಿಯಲು ಮುಷ್ಟಿ ಬಿಗಿಯಬೇಕಾಗುತ್ತದೆ. ಬಿಗಿದ ಮುಷ್ಟಿಗೆ ಸಣ್ಣ ಕಂಪನ ತಿಳಿಯುವುದಿಲ್ಲ, ಕಾರ್ಬನ್ ಎಷ್ಟು ಟನ್ನಿನದಾದರೂ ಅಷ್ಟೇ.

ಕೊನೆಗೆ ಒಂದು ಚೂರು ಹತ್ತಿಯನ್ನು ಪ್ರತಿ ರಿಂಗ್‌ನ ಒಳಗೂ ತಿರುವಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ; ಅದು ದಾರವನ್ನು ಕೊಯ್ಯುತ್ತದೆ. ಹಳೆಯ ರಾಡ್‌ಗೆ ಹೆಣಿಗೆ ದಾರ ಹಾಕುವವರು ಇದನ್ನು ತಪ್ಪದೆ ಮಾಡಬೇಕು.

ಪ್ರಶ್ನೆ: ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಮೇಲೆ ನಮ್ಮ ಊರ ಕೆರೆಯಲ್ಲಿ ವರ್ಷಪೂರ್ತಿ ನೀರಿದೆ, ಜೊಂಡೂ ಬೆಳೆದಿದೆ. ರಬ್ಬರ್ ಕಪ್ಪೆ ಹಾಕಿ ಕೊರಮೀನು ಹಿಡಿಯಲು ಹೋಗಿ ಏಳು ಅಡಿಯ ಮೀಡಿಯಂ ರಾಡ್‌ನ ತುದಿ ಮುರಿಯಿತು. ಮೀನು ಒಂದೂವರೆ ಕಿಲೊ ಇರಬಹುದು, ಅಷ್ಟೇ. ರಾಡ್ ಕಳಪೆಯೇ?
— ಓದುಗರು, ಮಾಲೂರು

ಉತ್ತರ: ಎಲ್ಲಿ ಮುರಿಯಿತು ಎಂಬುದು ಕಾರಣ ಹೇಳುತ್ತದೆ. ತುದಿಯಿಂದ ಒಂದು ಅಡಿಯೊಳಗೆ ಮುರಿದಿದ್ದರೆ, ಮೀನನ್ನು ಕಾಲ ಬುಡಕ್ಕೆ ತಂದು ರಾಡನ್ನು ಆಕಾಶಕ್ಕೆ ನೆಟ್ಟಗೆ ಎತ್ತಿರುವ ಸಾಧ್ಯತೆಯೇ ಹೆಚ್ಚು. ಆಗ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಬುಡದ ಬಲ ಸಹಾಯಕ್ಕೆ ಬರುವುದೇ ಇಲ್ಲ. ಕೆರೆ ಏರಿಯ ಮೇಲೆ ನಿಂತು ಕೆಳಗಿನ ಮೀನನ್ನು ರಾಡ್‌ನಿಂದಲೇ ಮೇಲೆತ್ತುವಾಗ ಇದು ಪದೇ ಪದೇ ಆಗುತ್ತದೆ. ನೀರಲ್ಲಿ ಹಗುರವಾಗಿದ್ದ ಮೀನು ನೀರು ಬಿಟ್ಟ ಕ್ಷಣದಿಂದ ಪೂರ್ತಿ ತೂಕದ್ದು, ಒದ್ದಾಟ ಬೇರೆ. ಉದ್ದ ಹಿಡಿಯ ಕೈಬಲೆ ಇಟ್ಟುಕೊಳ್ಳಿ. ಇಲ್ಲವೇ ರಾಡನ್ನು ಪಕ್ಕಕ್ಕೆ ತಗ್ಗಿಸಿ, ದಾರವನ್ನು ಕೈಗೆ ತೆಗೆದುಕೊಂಡು ಎಳೆಯಿರಿ.

ಇನ್ನು, ಜೊಂಡಿನ ನಡುವೆ ಕೊರಮೀನಿಗೆ ಮೀಡಿಯಂ ರಾಡ್ ಸಾಲದು. ಅದು ಕಪ್ಪೆಯನ್ನು ನುಂಗಿದ ಕೂಡಲೇ ಬೇರಿನ ಬುಡಕ್ಕೆ ತಿರುಗುತ್ತದೆ. ತಲೆಯನ್ನು ಆಗಲೇ ಮೇಲಕ್ಕೆ ತಿರುಗಿಸಿದರೆ ಮೀನು ನಿಮ್ಮದು, ತಡವಾದರೆ ಜೊಂಡಿನದು. ಇಲ್ಲಿ ಸೂಕ್ಷ್ಮ ಮುಖ್ಯವೇ ಅಲ್ಲ, ಮೀನು ಕಪ್ಪೆಗೆ ಹೊಡೆಯುವ ಏಟು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಆರೂವರೆಯಿಂದ ಏಳು ಅಡಿಯ ಮೀಡಿಯಂ ಹೆವಿ, ಫಾಸ್ಟ್ ಆಕ್ಷನ್, 30ರಿಂದ 40 ಪೌಂಡ್ ಹೆಣಿಗೆ ದಾರ. ಕಪ್ಪೆಯ ತೂಕ 10–15 ಗ್ರಾಂ ಇರುವುದರಿಂದ ಎಸೆತದ ಕೆಳಮಿತಿ 10 ಗ್ರಾಂ ಇರುವ ರಾಡನ್ನೇ ಹುಡುಕಿ. ಕೆಳಮಿತಿ 20 ಗ್ರಾಂ ಇದ್ದರೆ ಕಪ್ಪೆ ದೂರ ಹೋಗುವುದಿಲ್ಲ. ಏಟು ಬಿದ್ದ ತಕ್ಷಣ ಎಳೆಯಬೇಡಿ, ದಾರ ಬಿಗಿಯುವುದನ್ನು ಒಂದು ಕ್ಷಣ ಕಾಯಿರಿ. ಎಳೆದಾಗ ಅರೆಮನಸ್ಸು ಬೇಡ.

ಕೊಕ್ಕೆ ಬೇರಿಗೆ ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಜಗ್ಗುವುದು ಇನ್ನೊಂದು ತಪ್ಪು. ರಾಡನ್ನು ದಾರದ ನೇರಕ್ಕೆ ಹಿಡಿದು, ಹೆಣಿಗೆ ದಾರವನ್ನು ಒಂದು ಕಡ್ಡಿಗೆ ನಾಲ್ಕು ಸುತ್ತು ಸುತ್ತಿ ಹಿಂದಕ್ಕೆ ಎಳೆಯಿರಿ. ಬರಿಗೈಗೆ ಸುತ್ತಿಕೊಂಡರೆ ಚರ್ಮ ಸೀಳುತ್ತದೆ. ಮತ್ತೊಂದು ಮಾತು: ಕೆರೆಯ ಮೀನನ್ನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರರ ಒಪ್ಪಿಗೆ ಪಡೆದೇ ಗಾಳ ಹಾಕಿ.

ಪ್ರಶ್ನೆ: ಮಡಚುವ ಟೆಲಿಸ್ಕೋಪಿಕ್ ರಾಡ್ ಒಂದರೊಳಗೊಂದು ಹೋಗದೆ ಸಿಕ್ಕಿಕೊಂಡಿದೆ. ಏನು ಮಾಡಲಿ?
— ಓದುಗರು, ಗೌರಿಬಿದನೂರು

ಉತ್ತರ: ಮರಳು ಸೇರಿದೆ. ಸಿಕ್ಕಿಕೊಂಡ ಕೀಲನ್ನು ಸಾದಾ ನೀರಿನಲ್ಲಿ ತೊಳೆಯಿರಿ. ಕೀಲಿನ ಆಚೆ ಈಚೆ ಹತ್ತಿರದಲ್ಲೇ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ತಿರುಚುತ್ತಾ ಒಳಕ್ಕೆ ತಳ್ಳಿ. ಕೈ ಜಾರಿದರೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ರಿಂಗನ್ನು ಹಿಡಿದು ತಿರುಚಬೇಡಿ, ಇಕ್ಕಳ ಮುಟ್ಟಿಸಲೇಬೇಡಿ. ಮುಂದೆ ಮಡಚುವ ಮೊದಲು ಪ್ರತಿ ಭಾಗವನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಬಸ್ಸು, ಬೈಕಿನಲ್ಲಿ ಒಯ್ಯಲು ಟೆಲಿಸ್ಕೋಪಿಕ್ ಅನುಕೂಲ. ಆದರೆ ಐದಾರು ಕೀಲುಗಳನ್ನು ದಾಟಿ ಬರುವ ಕಂಪನ ದುರ್ಬಲವಾಗಿಬಿಡುತ್ತದೆ. ಚೀಲಕ್ಕೆ ಜಾಗವಿದ್ದರೆ ಎರಡು ತುಂಡಿನ ರಾಡೇ ಮೇಲು.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಜಿಲೇಬಿ ಮೀನು ಹಿಡಿಯುವುದು ಕಲಿಸಬೇಕು. ಯಾವ ರಾಡ್ ಕೊಡಿಸಲಿ?
— ಓದುಗರು, ಗುಬ್ಬಿ

ಉತ್ತರ: ಮೊದಲ ವರ್ಷ ರಾಡೂ ಬೇಡ, ರೀಲೂ ಬೇಡ. ಹತ್ತಡಿಯ ಸಣ್ಣ ಬಿದಿರು ಕಡ್ಡಿ ಸಾಕು. ಬಲಿತ ಬಿದಿರು ಕಡಿದು ನೆರಳಲ್ಲಿ ಒಂದು ತಿಂಗಳು ಒಣಗಿಸಿ. ಹಸಿಯಾಗಿದ್ದರೆ ಭಾರ, ಬಾಗಿದ್ದು ಬಾಗಿದಂತೇ ಉಳಿಯುತ್ತದೆ. 0.20 ಮಿ.ಮೀ. ತಂಗೂಸಿಯನ್ನು ಕಡ್ಡಿಯಷ್ಟೇ ಉದ್ದ ಕಟ್ಟಿದರೆ ಕೊಕ್ಕೆ ಸರಿಯಾಗಿ ಹುಡುಗನ ಕೈಗೇ ಬರುತ್ತದೆ. 10 ಅಥವಾ 12ನೇ ನಂಬರ್ ಕೊಕ್ಕೆ, ಅರ್ಧ ಇಂಚು ಎರೆಹುಳು, ಕಿರುಬೆರಳಿಗಿಂತ ತೆಳುವಾದ ಬೆಂಡು. ಬೆಂಡಿನ ತಲೆ ಮಾತ್ರ ನೀರ ಮೇಲೆ ಕಾಣುವಷ್ಟು ಸೀಸ ಕಚ್ಚಿಸಿ. ದೊಡ್ಡ ಬೆಂಡು ಕಟ್ಟಿದರೆ ಜಿಲೇಬಿಗೆ ಅದನ್ನು ಮುಳುಗಿಸುವ ಶಕ್ತಿ ಸಾಲದೆ ಮೇವು ಉಗುಳಿಬಿಡುತ್ತದೆ. ಸಣ್ಣ ಬೆಂಡೇ ಇಲ್ಲಿ ಸೂಕ್ಷ್ಮ ಕೊಡುವುದು, ಕಡ್ಡಿಯಲ್ಲ.

ಜಾಗದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ದಡದಿಂದ ಎರಡು ಹೆಜ್ಜೆಗೆ ಆಳದ ಗುಂಡಿಗಳಿರುತ್ತವೆ, ನೀರು ತುಂಬಿದಾಗ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಹೋಗಿ ನೋಡಿಟ್ಟ ಜಾಗದಲ್ಲೇ ಕೂರಿಸಿ, ಲೈಫ್ ಜಾಕೆಟ್ ಹಾಕಿಸಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಯಾವ ಕಡ್ಡಿಯನ್ನೂ ಎತ್ತಬಾರದು. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಒದ್ದೆ ಬಿದಿರಿನಲ್ಲೂ ಹರಿಯುತ್ತದೆ. ಗುಡುಗು ಕೇಳಿಸಿದರೆ ಕಡ್ಡಿ ಕೆಳಗಿಟ್ಟು ಕೆರೆ ಏರಿಯಿಂದ ಇಳಿದುಬಿಡಿ.