ಅಕಲ್ ದಾಢ್ ಊರಲ್ಲೇ ತೆಗೆಸಿಕೊಂಡು ಬಾ

ತಂಗೀ, ನಿನ್ನ ಪ್ರಶ್ನೆ ಓದಿದೆ. ಸೆಪ್ಟೆಂಬರ್ ಕೊನೆಗೆ ಜರ್ಮನಿಗೆ ಓದಲು ಹೊರಟಿದ್ದೀಯ. ಕೆಳಗಿನ ಬಲಗಡೆ ಅಕಲ್ ದಾಢ್, ಅಂದರೆ ಬುದ್ಧಿ ಹಲ್ಲು, ಎರಡು ತಿಂಗಳಿಂದ ಕಾಡುತ್ತಿದೆ. ಕಲಬುರಗಿಯ ಡಾಕ್ಟರ್ ತೆಗೆಸಲೇಬೇಕು ಅಂದಿದ್ದಾರೆ. ನಿನಗೋ ಸೂಜಿ ಕಂಡರೆ ಕೈಕಾಲು ತಣ್ಣಗಾಗಿ ಕಣ್ಣು ಕತ್ತಲೆ ಬರುತ್ತದೆ. "ಜರ್ಮನಿಯಲ್ಲಿ ವಿಮೆ ಇರುತ್ತದಲ್ಲ ಅಕ್ಕಾ, ಅಲ್ಲಿ ನೋವೇ ಆಗದ ಹಾಗೆ ತೆಗೀತಾರಂತೆ. ಬಂದ ಮೇಲೆ ತೆಗೆಸಿದರೆ ಆಗಲ್ವಾ?" ಅಂತ ಕೇಳಿದ್ದೀಯ.

ಬೇಡ. ಊರಲ್ಲೇ ತೆಗೆಸಿಕೊಂಡು ಬಾ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನೂ ಕಲಬುರಗಿಯಲ್ಲೇ, ಶರಣಬಸವೇಶ್ವರ ಗುಡಿಯ ಹತ್ತಿರ ಬೆಳೆದವಳು. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಹನ್ನೆರಡು ವರ್ಷವಾಯಿತು. ನನ್ನ ಮೂರು ಅಕಲ್ ದಾಢ್ ತೆಗೆದಿದ್ದಾರೆ. ಒಂದು ಹತ್ತೊಂಬತ್ತನೇ ವಯಸ್ಸಿಗೆ ಊರಲ್ಲಿ, ಒಂದು ಇಲ್ಲಿ, ಇನ್ನೊಂದು ಹೋದ ವರ್ಷ ರಜೆಗೆ ಬಂದಾಗ ಮತ್ತೆ ಕಲಬುರಗಿಯಲ್ಲಿ.

ಮೊದಲನೆಯದು ಕೆಟ್ಟದಾಗಿ ಆಯಿತು. ಒಸಡು ಊದಿ ಕೀವು ತುಂಬಿತ್ತು. ಹಾಗಿರುವಾಗ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಇದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಇಕ್ಕಳ ಹಾಕಿದ ಕೂಡಲೇ ನೋವು ಕಿವಿಯವರೆಗೆ ಏರಿತು. ಡಾಕ್ಟರ ಕೈ ಹಿಡಿದು ತಡೆದೆ. "ಇಷ್ಟಕ್ಕ ಯಾಕ್ ಅಳ್ತಿ, ಸುಮ್ನ ಕೂಡು" ಅಂದರು. ಕಿತ್ತು ಮುಗಿಸಿದರು. ಆಮೇಲೆ ಏಳು ವರ್ಷ ನಾನು ಹಲ್ಲಿನ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಹಲ್ಲು ನೋಯುವಾಗ ಲವಂಗ ಕಚ್ಚಿಕೊಂಡು, ಒಂದೇ ಕಡೆ ಅಗಿದು ದಿನ ದೂಡಿದೆ.

ಎರಡನೆಯದು ಇಲ್ಲಿ ಶುರುವಾದದ್ದು ಒಂದು ಭಾನುವಾರ ರಾತ್ರಿ, ಚಳಿಗಾಲದಲ್ಲಿ. ಊರಲ್ಲಾದರೆ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋದರೆ ಯಾವುದೋ ಒಂದು ಮೆಡಿಕಲ್ ತೆರೆದಿರುತ್ತದೆ. ಇಲ್ಲಿ ಭಾನುವಾರ ಊರೇ ಮುಚ್ಚಿರುತ್ತದೆ. ಕಿರಾಣಿ ಅಂಗಡಿಯಲ್ಲಿ ನೋವಿನ ಮಾತ್ರೆ ಮಾರುವುದಿಲ್ಲ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎಲ್ಲ ಅಪೊಟೆಕೆ ಅನ್ನುವ ಔಷಧಿ ಅಂಗಡಿಯಲ್ಲೇ ತಗೋಬೇಕು. ಆ ದಿನ ಸರದಿಯ ಮೇಲೆ ಯಾವ ಅಪೊಟೆಕೆ ತೆರೆದಿದೆ ಅಂತ ಮುಚ್ಚಿದ ಅಂಗಡಿಗಳ ಬಾಗಿಲಲ್ಲಿ ಬರೆದಿರುತ್ತಾರೆ. ಗಲ್ಲ ಹಿಡಿದುಕೊಂಡು ಅದನ್ನು ಓದಿ, ಹಿಮದಲ್ಲಿ ಮೂರು ಸ್ಟಾಪ್ ದೂರ ನಡೆದೆ.

ಮರುದಿನ ಡಾಕ್ಟರ್ ಹುಡುಕಿಕೊಂಡು ಹೊರಟಾಗ ಒಂದು ದವಾಖಾನೆಯ ಬೋರ್ಡಿನಲ್ಲಿ "ಆಂಗ್ಸ್ಟ್‌ಪಟ್ಸಿಯೆಂಟೆನ್" ಅನ್ನುವ ಪದ ಕಂಡಿತು. ಅಂಜುವ ರೋಗಿಗಳು ಅಂತ ಅರ್ಥ. ಅಂಥವರನ್ನೂ ನೋಡುತ್ತೇವೆ ಅಂತ ಬೋರ್ಡಿಗೇ ಬರೆಸಿದ್ದರು. ಅದರ ಮುಂದೆ ನಿಂತು ಎರಡು ಸಲ ಓದಿದೆ. ನನಗಿದ್ದದ್ದಕ್ಕೆ ಒಂದು ಹೆಸರಿದೆ, ಅದಕ್ಕೆ ಯಾರೂ ಬೈಯುವುದಿಲ್ಲ ಅಂತ ಅವತ್ತೇ ಗೊತ್ತಾದದ್ದು.

ಒಳಗಿದ್ದ ಡಾಕ್ಟರಮ್ಮ ಅವತ್ತು ಹಲ್ಲು ಮುಟ್ಟಲೇ ಇಲ್ಲ. ಮೊದಲು ಏನಾಗಿತ್ತು ಅಂತ ಕೇಳಿದರು. ಎಕ್ಸ್‌ರೇ ತೆಗೆದರು, ಸೋಂಕು ಇಳಿಯಲು ಮದ್ದು ಕೊಟ್ಟರು, ಹತ್ತು ದಿನ ಬಿಟ್ಟು ಬರಲು ಹೇಳಿದರು. ಆ ದಿನ ಕುರ್ಚಿಯಲ್ಲಿ ಕೂತಾಗ "ಎಡಗೈ ಎತ್ತಿದರೆ ನಾನು ನಿಲ್ಲಿಸುತ್ತೇನೆ, ಯಾಕೆ ಅಂತ ಕೇಳಲ್ಲ" ಅಂದರು. ನನಗೆ ನಂಬಿಕೆ ಬರಲಿಲ್ಲ. ಬಾಯಿಗೆ ಕನ್ನಡಿ ಹಾಕಿದ್ದರಷ್ಟೆ, ಕೈ ಎತ್ತಿದೆ. ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದೆ. ಮತ್ತೆ ನಿಲ್ಲಿಸಿ, ಕನ್ನಡಿ ಕೆಳಗಿಟ್ಟು, ಸುಮ್ಮನೆ ಕಾದರು. ಅಲ್ಲಿಗೆ ನನ್ನ ಅರ್ಧ ಅಂಜಿಕೆ ಇಳಿಯಿತು. ಆಮೇಲೆ ಹಲ್ಲು ಕೀಳುವಾಗ ಕೈ ಎತ್ತುವ ಪ್ರಸಂಗವೇ ಬರಲಿಲ್ಲ.

ಹಾಗಾದರೆ ಇಲ್ಲಿಗೆ ಬಂದೇ ತೆಗೆಸು ಅನ್ನಬೇಕಲ್ವಾ ಅಂತ ನೀನು ಕೇಳಬಹುದು. ಕೇಳು. ಸೂಜಿ ಚುಚ್ಚಿದ ಮೇಲೆ ಡಾಕ್ಟರಮ್ಮ ಈಗ ಹೇಗನಿಸುತ್ತಿದೆ ಅಂತ ಕೇಳಿದರು. ನನ್ನ ಹತ್ತಿರ ಇದ್ದದ್ದು ಒಂದೇ ಪದ, ಶ್ಮೆರ್ಟ್ಸ್, ಅಂದರೆ ನೋವು. ನಮ್ಮ ಮಾತಲ್ಲಿ ಎಷ್ಟಿವೆ ನೋಡು. ಜುಮ್ ಅಂತದ, ಚುಚ್ಚತದ, ಸಿಡಿಲಾಕತ್ತದ, ಸೆಳಿತದ, ಝಳ ಹೊಡಿತದ. ಒಂದೊಂದೂ ಬೇರೆ. ಡಾಕ್ಟರಿಗೆ ಒಂದೊಂದರಿಂದಲೂ ಬೇರೆ ಬೇರೆ ಸಂಗತಿ ತಿಳಿಯುತ್ತದೆ. ಅದು ಬರೀ ಒತ್ತಡವೋ, ನಿಜವಾಗಿ ನೋವೋ ಅಂತ ನನಗೆ ಅವತ್ತು ಹೇಳಲು ಬರಲಿಲ್ಲ. ನನ್ನ ಪುಣ್ಯ, ಆ ಹೆಂಗಸಿಗೆ ತಾಳ್ಮೆ ಇತ್ತು. ಮನೆಗೆ ಬಂದು ಊದಿದ ಬಾಯಿಯಲ್ಲಿ ಗಂಜಿ ನಾನೇ ಕಾಯಿಸಿಕೊಂಡೆ. ಆ ರಾತ್ರಿ ಅತ್ತದ್ದು ಹಲ್ಲು ನೋವಿಗಲ್ಲ.

ಹೋದ ವರ್ಷ ಕಲಬುರಗಿಯಲ್ಲಿ ಮೂರನೆಯದಕ್ಕೆ ಹೋದಾಗ ಕುರ್ಚಿ ಹತ್ತುವ ಮೊದಲೇ ಹೇಳಿಬಿಟ್ಟೆ. "ಸರ್, ನನಗ ಭಾಳ ಅಂಜಿಕಿ ಅದ. ಹಿಂದ ಒಮ್ಮೆ ಸರಿ ಮರಗಟ್ಟಲಾರದೇ ಕಿತ್ತಾರ." ಅವರು ಕೈಯಲ್ಲಿದ್ದ ಟ್ರೇ ಪಕ್ಕಕ್ಕಿಟ್ಟರು, ಸ್ಟೂಲ್ ಎಳೆದುಕೊಂಡು ಕೂತರು. "ಹೇಳ್ರಿ, ಏನಾಗಿತ್ತು?" ಅಂದರು. ಕೈ ಎತ್ತುವ ಒಪ್ಪಂದವನ್ನು ನಾನೇ ಹೇಳಿದೆ, ಒಪ್ಪಿದರು. ನನ್ನ ಅಕ್ಕ ಬಾಗಿಲ ಹತ್ತಿರ ನನ್ನ ಚಪ್ಪಲಿ ಕಾಯ್ದುಕೊಂಡು ನಿಂತಿದ್ದಳು. ಮೂರರಲ್ಲಿ ಸುಲಭವಾಗಿ ಆದದ್ದು ಇದೇ. ಊರಲ್ಲಿ ತೆಗೆಸು ಅನ್ನುವುದು ಇದಕ್ಕೇ. ಅಂಜಿಕೆಯನ್ನು ನಿನ್ನ ಬಾಯಿಂದ ನಿನ್ನ ಮಾತಲ್ಲಿ ಹೇಳಲು ಆಗುವ ಜಾಗ ಸದ್ಯಕ್ಕೆ ಕಲಬುರಗಿಯೇ. ಹೇಳಿದ ಮೇಲೂ ಯಾರಾದರೂ ಬೈದರೆ ಎದ್ದು ಬಾ. ಬೇರೆ ಡಾಕ್ಟರ್ ಇದ್ದಾರೆ.

ವಿಮೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿಯ ಕ್ರಾಂಕನ್‌ಕಾಸ್ಸೆ ಅನ್ನುವ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ, ತೆಗೆಯುವ ಅವಶ್ಯಕತೆ ಇರುವ ಅಕಲ್ ದಾಢ್‌ಗೆ ಸೂಜಿಯ ಖರ್ಚೂ ಸೇರಿ ಬರುತ್ತದೆ. ಬರೀ ಅಂಜಿಕೆಗೆ ನಿದ್ದೆ ಬರಿಸಿ ತೆಗೆಸಬೇಕೆಂದರೆ ಸಾಮಾನ್ಯವಾಗಿ ಕೈಯಿಂದ ದುಡ್ಡು ಕೊಡಬೇಕು. ವಿದ್ಯಾರ್ಥಿ ವಿಮೆ ಶುರುವಾಗುವುದು ಯೂನಿವರ್ಸಿಟಿಗೆ ಸೇರಿದ ಮೇಲೆ. ಅದಕ್ಕೆ ಮುಂಚಿನ ಪ್ರಯಾಣದ ವಿಮೆ ಹಲ್ಲಿನ ಮಟ್ಟಿಗೆ ತುರ್ತು ನೋವಿಗಷ್ಟೇ. ಬಂದ ಮೊದಲ ತಿಂಗಳು ರೂಮು, ವಿಳಾಸ ನೋಂದಣಿ, ಬ್ಯಾಂಕು, ವೀಸಾ ಕಾಗದ ಅಂತ ಓಡಾಟವೇ ಆಗುತ್ತದೆ. ಆ ಹೊತ್ತಿಗೆ ಗಲ್ಲ ಊದಿಸಿಕೊಂಡು ಕೂರುವುದು ಬೇಡ.

ಹೊರಡುವುದಕ್ಕೆ ಕನಿಷ್ಠ ಮೂರು ವಾರ ಮುಂಚೆ ತೆಗೆಸು. ಹೊಲಿಗೆ ಬಿಚ್ಚಲು ಒಂದು ವಾರ, ಹತ್ತು ದಿನ ಬೇಕು. ಏನಾದರೂ ತೊಂದರೆಯಾದರೆ ನೋಡಿಕೊಳ್ಳಲೂ ಸಮಯ ಇರಬೇಕು. ಹಲ್ಲು ಅಡ್ಡ ಮಲಗಿದ್ದರೆ ಓರಲ್ ಸರ್ಜನ್ ಹತ್ತಿರವೇ ಹೋಗು. ಸೇಡಂ ರಸ್ತೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜಿನಂಥ ಕಡೆ ಅದಕ್ಕೇ ಬೇರೆ ವಿಭಾಗ ಇರುತ್ತದೆ. ಕಲಿಯುವ ಡಾಕ್ಟರ್‌ಗಳೂ ಇರುತ್ತಾರೆ, ಹಿರಿಯರು ಜೊತೆಗಿರುತ್ತಾರೆ. ದವಡೆ ಪೂರ್ತಿ ಕಾಣುವ ಎಕ್ಸ್‌ರೇ ತೆಗೆಸಿ, ಕೆಳದವಡೆಯ ನರ ಹಲ್ಲಿನ ಬೇರಿಗೆ ಎಷ್ಟು ಹತ್ತಿರ ಇದೆ ಅಂತ ನೇರವಾಗಿ ಕೇಳು. ಆ ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿದ ಹಾಗೆ ಉಳಿಯಬಹುದು. ಅಪರೂಪ, ಆದರೂ ಮೊದಲೇ ಕೇಳಿರಬೇಕು. ಈಗ ಊತ ಇದ್ದರೆ ಅದು ಇಳಿಯುವವರೆಗೆ ಅವಸರ ಮಾಡಬೇಡ. ನನ್ನ ಮೊದಲ ಹಲ್ಲಿನ ಕಥೆ ಹೇಳಿದೆನಲ್ಲ.

ಈಗ ನಿನ್ನ ಸೂಜಿಯ ಅಂಜಿಕೆ. ಕೈ ತಣ್ಣಗಾಗಿ ಕಣ್ಣು ಕತ್ತಲೆ ಬರುತ್ತದೆ ಅಂದರೆ ಬಿಪಿ ಇಳಿಯುತ್ತಿರಬಹುದು. ಉಸಿರು ನಿಧಾನ ಮಾಡಿದರಷ್ಟೇ ಅದಕ್ಕೆ ಸಾಲದು. ತೊಡೆ, ಮೀನಖಂಡ, ಮುಷ್ಟಿ ಎಲ್ಲ ಬಿಗಿಹಿಡಿದು ಹತ್ತು-ಹದಿನೈದು ಎಣಿಸು. ಮುಖ ಬಿಸಿಯಾದ ಹಾಗೆ ಅನ್ನಿಸಿದಾಗ ಬಿಡು. ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿಹಿಡಿ. ಐದು ಸಲ ಮಾಡು. ಇವತ್ತಿನಿಂದಲೇ ಮನೆಯಲ್ಲಿ ದಿನಾ ಅಭ್ಯಾಸ ಮಾಡು. ಕುರ್ಚಿಯನ್ನು ಪೂರ್ತಿ ಮಲಗಿಸಲು ಹೇಳು. ಒಸಡಿಗೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ, ಆಮೇಲೆ ನಿಧಾನಕ್ಕೆ ಚುಚ್ಚಿ ಅಂತ ಕೇಳು. ನಿಧಾನಕ್ಕೆ ಬಿಟ್ಟರೆ ಮದ್ದಿನ ಉರಿ ಕಡಿಮೆ. ಬರೀ ಸೂಜಿಯಲ್ಲೇ ತೆಗೆಯುವುದಾದರೆ ಹೊಟ್ಟೆ ತುಂಬ ಉಂಡು ಹೋಗು. ನಿದ್ದೆ ಬರಿಸುವುದಾದರೆ ಮಾತ್ರ ಅವರು ಹೇಳಿದಷ್ಟು ಹೊತ್ತು ಉಪವಾಸ.

ಸೂಜಿ ಚುಚ್ಚಿದ ಮೇಲೆ ಎದೆ ಒಂದೆರಡು ನಿಮಿಷ ಡವಡವ ಹೊಡೆದುಕೊಳ್ಳಬಹುದು. ಮದ್ದಿನ ಜೊತೆ ಅಡ್ರಿನಲಿನ್ ಸೇರಿಸಿರುತ್ತಾರೆ, ಅದರ ಕೆಲಸ ಅದು. ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ಏನೋ ಆಗುತ್ತಿದೆ ಅಂತ ಜೀವ ಬಾಯಿಗೆ ಬರುತ್ತದೆ. ಆಮೇಲೆ ಕೆಳತುಟಿ ಆ ಕಡೆಗೆ ಇಡ್ಲಿಯಷ್ಟು ದಪ್ಪ ಆದ ಹಾಗೆ ಅನ್ನಿಸುತ್ತದೆ, ಕನ್ನಡಿಯಲ್ಲಿ ನೋಡಿದರೆ ಇದ್ದ ಹಾಗೇ ಇರುತ್ತದೆ. ಡಾಕ್ಟರ್ ಚುಚ್ಚಿ ಪರೀಕ್ಷೆ ಮಾಡುತ್ತಾರೆ. ಆಗ ಮುಟ್ಟಿದ್ದು ಗೊತ್ತಾಗಬಹುದು, ಚುರುಕ್ ಅನ್ನಬಾರದು. ಚುರುಕ್ ಅಂದರೆ ಸಂಕೋಚ ಬೇಡ, ಹೇಳು, ಇನ್ನೊಂದು ಸಲ ಹಾಕುತ್ತಾರೆ. ಆಮೇಲೆ ಬರುವುದು ಒತ್ತಡ ಮತ್ತು ಸದ್ದು. ಸದ್ದು ಜಾಸ್ತಿ. ಹಲ್ಲಿನಿಂದ ಎಲುಬಿನ ಮೂಲಕ ಸೀದಾ ಕಿವಿಗೆ ಹೋಗುವುದರಿಂದ ಕಟಕ್ ಅಂದರೂ ಮರದ ಕೊಂಬೆ ಮುರಿದ ಹಾಗೆ ಕೇಳುತ್ತದೆ. ಹಲ್ಲನ್ನು ತುಂಡು ಮಾಡಿ ತೆಗೆಯುವುದೂ ಇರುತ್ತದೆ. ದವಡೆ ಮುರಿಯಿತೇನೋ ಅಂತ ಅಂಜಬೇಡ.

ಮನೆಗೆ ಬಂದ ಮೇಲಿನ ಮಾತು ಅಮ್ಮನಿಗೂ ಓದಿ ಹೇಳು. ಮರಗಟ್ಟಿದ್ದು ಮೂರು-ನಾಲ್ಕು ತಾಸಿನಲ್ಲಿ ಬಿಡುತ್ತದೆ. ಅದು ಬಿಡುವ ಮೊದಲೇ ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ ತಗೋ. ನೋವು ಏರಿದ ಮೇಲೆ ಹಿಡಿಯುವುದು ಕಷ್ಟ. ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಸೇರಿದರೆ ಈ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಂಬಿಫ್ಲಾಮ್‌ನಲ್ಲಿ ಅವೆರಡೂ ಇವೆ, 400 ಮತ್ತು 325 ಮಿಲಿಗ್ರಾಂ. ಅದರ ಮೇಲೆ ಡೋಲೋ 650 ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಹೋಗುತ್ತದೆ, ಲೆಕ್ಕ ಇಡು. ಆಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳು. ಮೊದಲ ದಿನ ಟವೆಲ್‌ನಲ್ಲಿ ಐಸ್ ಸುತ್ತಿ ಗಲ್ಲಕ್ಕೆ ಸ್ವಲ್ಪ ಹೊತ್ತು ಇಡು, ಸ್ವಲ್ಪ ಹೊತ್ತು ತೆಗೆ. ಊತ ಎರಡನೇ, ಮೂರನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಕನ್ನಡಿ ನೋಡಿ ಹೆದರಬೇಡ.

ಗಾಯದಲ್ಲಿ ಕಟ್ಟಿಕೊಂಡ ರಕ್ತದ ಗಟ್ಟಿಯೇ ಅದಕ್ಕೆ ಮುಚ್ಚಳ. ಇಡೀ ಒಂದು ದಿನ ಉಗುಳಬೇಡ, ಬಾಯಿ ಮುಕ್ಕಳಿಸಬೇಡ, ಸ್ಟ್ರಾ ಹಾಕಿ ಕುಡಿಯಬೇಡ. ಆ ಗಟ್ಟಿ ಕಿತ್ತು ಹೋದರೆ ಎಲುಬು ತೆರೆದು, ಒಂದೆರಡು ದಿನದ ಮೇಲೆ ಕಿವಿಯವರೆಗೆ ಎಳೆಯುವ ನೋವು ಶುರುವಾಗುತ್ತದೆ. ಹಾಗಾದರೆ ಮನೆಯಲ್ಲಿ ಸಹಿಸಿಕೊಂಡು ಕೂರಬೇಡ. ಡಾಕ್ಟರ್ ತೊಳೆದು ಮದ್ದು ಇಟ್ಟರೆ ನೋವು ಬೇಗ ಇಳಿಯುತ್ತದೆ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪು ನೀರು ಬಾಯಲ್ಲಿ ಹಿಡಿದು ಮೆಲ್ಲಗೆ ಬಿಡು. ಪಕ್ಕದ ಮನೆಯವರು ಪ್ರೀತಿಯಿಂದಲೇ ಲವಂಗದ ಎಣ್ಣೆ, ತಂಬಾಕಿನ ಪುಡಿ ತಂದುಕೊಡುತ್ತಾರೆ. ಗಾಯಕ್ಕೆ ಎರಡೂ ಮುಟ್ಟಿಸಬೇಡ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಂದೆರಡು ವಾರ ಬೇಡ. ರೊಟ್ಟಿಯ ಚೂರು ಹೊಲಿಗೆಯ ಸಂದಿಗೆ ಸಿಕ್ಕಿದರೆ ತೆಗೆಯಲು ಬರುವುದಿಲ್ಲ. ಜೋಳದ ನುಚ್ಚನ್ನು ಮೆತ್ತಗೆ ಕುದಿಸಿ, ಆರಿಸಿ, ಮಜ್ಜಿಗೆ ಹಾಕಿ ಕುಡಿ. ತೊಗರಿ ಬೇಳೆ ಕಟ್ಟು, ಖಾರ ಇಲ್ಲದೆ. ಮೊಸರನ್ನ. ಎಲ್ಲ ತಣ್ಣಗೆ, ಇನ್ನೊಂದು ಕಡೆಯಿಂದ. ಈ ಎರಡು ವಾರ ಅಮ್ಮ ಮಾಡಿಕೊಡುವ ನುಚ್ಚು ಇಲ್ಲಿ ಯಾವ ವಿಮೆಯಲ್ಲೂ ಸಿಗುವುದಿಲ್ಲ, ತಂಗೀ.

ಅರ್ಧ ಗಂಟೆ ಬಟ್ಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಊತ ಕುತ್ತಿಗೆಗೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಜ್ವರ ಬಂದರೆ, ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೋಗು. ಮರುದಿನವೂ ತುಟಿ ಮರಗಟ್ಟಿದ್ದರೆ ಡಾಕ್ಟರಿಗೆ ಫೋನ್ ಮಾಡು.

ಎಕ್ಸ್‌ರೇ ಮತ್ತು ಡಾಕ್ಟರ್ ಚೀಟಿಯ ಒಂದು ಕಾಪಿ ಮೊಬೈಲ್‌ನಲ್ಲಿ ಇಟ್ಟುಕೋ. ಉಳಿದ ಅಕಲ್ ದಾಢ್‌ಗಳಿಗೆ ಇಲ್ಲಿ ಬೇಕಾಗುತ್ತದೆ. "ಇಷ್ ಹಾಬೆ ಆಂಗ್ಸ್ಟ್" ಅನ್ನುವ ಮೂರು ಪದವನ್ನೂ ಬರೆದಿಟ್ಟುಕೋ, ನನಗೆ ಅಂಜಿಕೆ ಇದೆ ಅಂತ ಅದರ ಅರ್ಥ. ತೆಗೆಸುವ ದಿನ ಗೊತ್ತಾದ ಮೇಲೆ ನನಗೆ ಬರೆ. ಅವತ್ತು ರಾತ್ರಿ ನೋವಿಗೆ ನಿದ್ದೆ ಬರದಿದ್ದರೆ ಫೋನ್ ಮಾಡು. ನಿನಗೆ ಹನ್ನೊಂದಾದರೆ ನನಗೆ ಇನ್ನೂ ಏಳೂವರೆ, ಎಚ್ಚರವಾಗಿಯೇ ಇರುತ್ತೇನೆ. ನೀನು ಮಾತಾಡಬೇಡ. ನಾನು ಮಾತಾಡುತ್ತೇನೆ, ನೀನು ಹೂಂ ಅನ್ನು ಸಾಕು.